ಪುಟದೊಡನೆ ಕೊಂಡಿಯನ್ನೂ ಕಾಪಿಡುವ ಬಗೆ

ಊರ ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲೊಂದರ ವೃತ್ತಾಂತವನ್ನು ತಿಳಿಯಬೇಕೆಂದು ಜಾಲಕ್ಕಿಳಿದ ಓದುಗನಿಗೆ, ಹತ್ತು ಹನ್ನೆರಡು ವರ್ಷಗಳ ಹಿಂದೆ ಯಾರೋ ಆಸಕ್ತರು ಶ್ರಮವಹಿಸಿ ಬರೆದ ಲೇಖನವೊಂದು ದೊರೆಯುತ್ತದೆ. ಬರೆದವರು ಪ್ರಾಮಾಣಿಕರು, ತಮ್ಮ ಪ್ರತಿಯೊಂದು ಮಾತಿಗೂ ಆಧಾರವನ್ನು ತೋರಿಸಿ, ಶಾಸನದ ಪಾಠಕ್ಕೊಂದು, ಕಲ್ಲಿನ ಛಾಯಾಚಿತ್ರಕ್ಕೊಂದು, ಆ ಕಾಲದ ಅರಸುಮನೆತನದ ಚರಿತ್ರೆಗೊಂದು, ಊರಿನ ನಕ್ಷೆಗೊಂದು, ಹೀಗೆ ನೀಲಿಯ ಅಕ್ಷರಗಳಲ್ಲಿ ಕೊಂಡಿಗಳನ್ನು ಕೊಟ್ಟಿದ್ದಾರೆ. ಮೊದಲನೆಯದನ್ನು ಒತ್ತಿದರೆ 404 ಎಂಬ ಸಂಖ್ಯೆಯೂ ಪುಟ ಸಿಗಲಿಲ್ಲವೆಂಬ ಒಕ್ಕಣೆಯೂ ತೋರುತ್ತವೆ. ಎರಡನೆಯದನ್ನು ಒತ್ತಿದರೆ, ಕೇಳಿದ ಚಿತ್ರಕ್ಕೆ ಬದಲಾಗಿ ಆ ತಾಣದ ಮುಖಪುಟವೇ ಬಂದು ನಿಲ್ಲುತ್ತದೆ. ಮೂರನೆಯದು ಚರಿತ್ರೆಯ ಬದಲು ಸಾಲ ಕೊಡುವ ವ್ಯವಹಾರವೊಂದರ ಜಾಹೀರಾತನ್ನು ತೆರೆಯುತ್ತದೆ, ಏಕೆಂದರೆ ಆ ವಿಳಾಸದ ವಾಯಿದೆ ತೀರಿ ಅದನ್ನು ಬೇರೆ ಯಾರೋ ಕೊಂಡಿದ್ದಾರೆ. ನಾಲ್ಕನೆಯದು ಬಹಳ ಹೊತ್ತು ಸುತ್ತುತ್ತಲೇ ಇದ್ದು ಕೊನೆಗೆ ಏನನ್ನೂ ತೋರಿಸದೆ ಸುಮ್ಮನಾಗುತ್ತದೆ.

ಲೇಖನವೇನೋ ಉಳಿದಿದೆ, ಅದರ ಆಧಾರಗಳು ಅಳಿದಿವೆ. ಓದುಗನು ಇನ್ನು ಬರೆದವರ ಮಾತನ್ನು ನಂಬಬೇಕು, ಇಲ್ಲವೆ ಬಿಡಬೇಕು. ಪರಿಶೀಲಿಸಿ ನೋಡುವ ಮಾರ್ಗ ಅವನಿಗೆ ಮುಚ್ಚಿಹೋಗಿದೆ.

ಇದ್ದಾಗಲೇ ಪ್ರತಿ ಮಾಡಿಟ್ಟುಕೊಳ್ಳಬೇಕಾಗಿತ್ತು ಎಂದು ಇಂತಹ ಸಮಯದಲ್ಲಿ ಹಳಹಳಿಸದವರು ವಿರಳ. ಆದರೆ ಜಾಲಪುಟವನ್ನು ಪ್ರತಿ ಮಾಡುವುದೆಂದರೆ ಅಕ್ಷರಗಳನ್ನೂ ಚಿತ್ರಗಳನ್ನೂ ಉಳಿಸಿಕೊಳ್ಳುವುದಷ್ಟೇ ಅಲ್ಲ, ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಹಾದಿಯನ್ನೂ ಕೆಡದಂತೆ ಉಳಿಸಿಕೊಳ್ಳುವುದು ಎಂಬ ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೊಂಡಿಯಿಲ್ಲದ ಪ್ರತಿ ಅರ್ಧ ಪ್ರತಿ ಎಂಬುದೇ ಈ ಲೇಖನದ ಪ್ರತಿಪಾದನೆ.

ಏಕಮುಖವಾದ ಹಾದಿ

ಜಾಲದ ಕೊಂಡಿ ಇಷ್ಟು ಸುಲಭವಾಗಿ ಕಡಿಯುವುದಕ್ಕೆ ಕಾರಣ ಅದರ ಹುಟ್ಟಿನಲ್ಲಿಯೇ ಇದೆ. ಒಂದು ಬರೆಹದಿಂದ ಮತ್ತೊಂದು ಬರೆಹಕ್ಕೆ ಯಂತ್ರದ ನೆರವಿನಿಂದ ಹಾಯುವ ಕಲ್ಪನೆ ಜಾಲಕ್ಕಿಂತ ಹಳೆಯದು. 1945ರಲ್ಲಿಯೇ ಅಮೆರಿಕದ ವ್ಯಾನೆವರ್ ಬುಷ್ ಅವರು, ಓದುಗನು ತನ್ನ ಗ್ರಂಥಗಳನ್ನೂ ಪತ್ರಗಳನ್ನೂ ಮೇಜಿನೊಳಗೇ ಸಂಗ್ರಹಿಸಿಟ್ಟು, ಅವುಗಳ ನಡುವೆ ತನಗೆ ಬೇಕಾದ ಹಾದಿಗಳನ್ನು ತಾನೇ ಹೆಣೆದುಕೊಳ್ಳಬಲ್ಲಂತಹ 'ಮೆಮೆಕ್ಸ್' ಎಂಬ ಸಾಧನವೊಂದನ್ನು ವರ್ಣಿಸಿದ್ದರು. ಅದು ನಿರ್ಮಾಣವಾಗಲಿಲ್ಲ, ಆದರೆ ಆ ಕಲ್ಪನೆಯಲ್ಲಿ ಗ್ರಂಥವೂ ಹಾದಿಯೂ ಎರಡೂ ಓದುಗನ ಸ್ವಾಧೀನದಲ್ಲಿದ್ದುವೆಂಬುದು ಗಮನಿಸತಕ್ಕ ವಿಷಯ. ಇಪ್ಪತ್ತು ವರ್ಷಗಳ ತರುವಾಯ, 1965ರಲ್ಲಿ, ಇಂತಹ ಹೆಣಿಗೆಗೆ 'ಹೈಪರ್‌ಟೆಕ್ಸ್ಟ್' ಎಂದು ಹೆಸರಿಟ್ಟ ಟೆಡ್ ನೆಲ್ಸನ್ ಅವರು ಬಯಸಿದ ಕೊಂಡಿ ಉಭಯಮುಖವಾದುದು: ತನ್ನತ್ತ ಯಾರು ಯಾರು ಬೆರಳು ತೋರಿಸಿದ್ದಾರೆಂಬುದು ಗುರಿಯಾದ ಬರೆಹಕ್ಕೂ ತಿಳಿದಿರಬೇಕು.

ಜಿನೀವಾ ನಗರದ ಸಮೀಪದ ಸೆರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮುಂದಿಟ್ಟ, 1991ರಲ್ಲಿ ಲೋಕಕ್ಕೆ ತೆರೆದುಕೊಂಡ ಜಾಲದ ಕೊಂಡಿಯಾದರೋ ಏಕಮುಖವಾದುದು. ಯಾರು ಬೇಕಾದರೂ, ಯಾರ ಅಪ್ಪಣೆಯನ್ನೂ ಬೇಡದೆ, ಯಾವ ಪುಟಕ್ಕೆ ಬೇಕಾದರೂ ಕೊಂಡಿ ಹಾಕಬಹುದು. ಜಾಲವು ಕೆಲವೇ ವರ್ಷಗಳಲ್ಲಿ ಭೂಮಂಡಲವನ್ನೆಲ್ಲ ವ್ಯಾಪಿಸಿದುದಕ್ಕೆ ಈ ಸ್ವಾತಂತ್ರ್ಯವೇ ಮುಖ್ಯ ಕಾರಣ. ಅದರ ಬೆಲೆಯನ್ನು ನಾವು ಈಗ ತೆರುತ್ತಿದ್ದೇವೆ: ಗುರಿಯಾದ ಪುಟ ಸ್ಥಳ ಬದಲಿಸಿದರೂ, ಹೆಸರು ಬದಲಿಸಿದರೂ, ಅಳಿದೇ ಹೋದರೂ, ಅದನ್ನು ನೆಚ್ಚಿ ಕೊಂಡಿ ಹಾಕಿದವನಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಎಲ್ಲಿಯೂ ಇಲ್ಲ. ಒಳ್ಳೆಯ ವಿಳಾಸಗಳನ್ನು ಬದಲಿಸಕೂಡದೆಂದು ಬರ್ನರ್ಸ್-ಲೀ ಅವರೇ 1998ರಲ್ಲಿ ಪ್ರಬಂಧವೊಂದನ್ನು ಬರೆದು ತಾಣಗಳನ್ನು ನಡೆಸುವವರನ್ನು ಕೇಳಿಕೊಂಡರು, ಕೇಳಿಸಿಕೊಂಡವರು ಕೆಲವರು.

ವಿಳಾಸದ ವಾರ್ಷಿಕ ಶುಲ್ಕ ಕಟ್ಟುವುದು ಮರೆತುಹೋಗುತ್ತದೆ. ನಡೆಸುತ್ತಿದ್ದವರು ತೀರಿಕೊಂಡರೆ ಗುಪ್ತಪದ ಯಾರಿಗೂ ತಿಳಿದಿರುವುದಿಲ್ಲ. ಕಚೇರಿಯೊಂದು ತನ್ನ ತಾಣವನ್ನು ನವೀಕರಿಸುವಾಗ ಹಳೆಯ ಪುಟಗಳ ವಿಳಾಸಗಳೆಲ್ಲ ಒಂದೇ ದಿನದಲ್ಲಿ ಮಾರ್ಪಡುತ್ತವೆ. ಅಳಿವಿಗೆ ದುರುದ್ದೇಶ ಬೇಕಾಗಿಲ್ಲ, ಅಲಕ್ಷ್ಯವೊಂದೇ ಸಾಕು.

ಅಳಿವಿನ ಪ್ರಮಾಣ

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಜಾಲದಲ್ಲಿದ್ದ ಪುಟಗಳಲ್ಲಿ ಶೇಕಡಾ 38ರಷ್ಟು, ಹತ್ತು ವರ್ಷ ಕಳೆಯುವಷ್ಟರಲ್ಲಿ ದೊರೆಯದಂತಾಗಿದ್ದುವು. ಪರೀಕ್ಷಿಸಿದ ಇಂಗ್ಲಿಷ್ ವಿಕಿಪೀಡಿಯ ಪುಟಗಳಲ್ಲಿ ಶೇಕಡಾ 54ರಷ್ಟರ ಉಲ್ಲೇಖಪಟ್ಟಿಯಲ್ಲಿ ಕಡಿದ ಕೊಂಡಿ ಕನಿಷ್ಠ ಒಂದಾದರೂ ಇದ್ದಿತು. ಇದಕ್ಕೂ ಹತ್ತು ವರ್ಷ ಮೊದಲೇ ಜೊನಾಥನ್ ಜಿಟ್ರೇನ್ ಮತ್ತು ಅವರ ಸಹೋದ್ಯೋಗಿಗಳು ಹಾರ್ವರ್ಡಿನಲ್ಲಿ ನಡೆಸಿದ ಪರಿಶೀಲನೆಯಿಂದ ತಿಳಿದುಬಂದ ಸಂಗತಿ ಇನ್ನೂ ಗಂಭೀರವಾದುದು: ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲವಿಳಾಸಗಳಲ್ಲಿ ಸುಮಾರು ಅರ್ಧದಷ್ಟು, ನ್ಯಾಯಾಧೀಶರು ಆಗ ಕಂಡದ್ದನ್ನು ತೋರಿಸುತ್ತಿರಲಿಲ್ಲ. ತೀರ್ಪು ಇದೆ, ಅದು ಆಧರಿಸಿದ ಸಾಕ್ಷ್ಯ ಇಲ್ಲ ಎಂಬ ಸ್ಥಿತಿ ಇದು.

ಇಡಿಯ ಊರುಗಳೇ ಮುಳುಗಿದ ನಿದರ್ಶನಗಳೂ ಉಂಟು. 1994ರಲ್ಲಿ ಪ್ರಾರಂಭವಾಗಿ ಸಾಮಾನ್ಯ ಜನರ ಲಕ್ಷಾಂತರ ಪುಟಗಳಿಗೆ ನೆಲೆಯಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡ ಹಗಲಿರುಳು ದುಡಿದು ಅದರ ಬಹುಭಾಗವನ್ನು ಇಳಿಸಿಕೊಂಡದ್ದರಿಂದ ಅಷ್ಟಾದರೂ ಉಳಿಯಿತು. ನಮ್ಮ ದೇಶದ ತರುಣರಿಗೆ ಅತ್ಯಂತ ಪ್ರಿಯವಾಗಿದ್ದ ಸಾಮಾಜಿಕ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ನಿಂತಿತು. ಬೆಂಗಳೂರಿನಲ್ಲಿಯೇ ಹುಟ್ಟಿ, ಕನ್ನಡದಲ್ಲಿ ಬರೆಯುವವರಿಗೆ ಮೊದಮೊದಲೇ ಬಾಗಿಲು ತೆರೆದ 'ಕೂ' 2024ರಲ್ಲಿ ಸ್ಥಗಿತವಾಯಿತು. ಅಲ್ಲಿ ಬರೆದವರು ತಮ್ಮ ಬರೆಹ ತಮ್ಮದೆಂದೇ ಎಣಿಸಿದ್ದರು.

ಕನ್ನಡಕ್ಕೆ ಹೆಚ್ಚಿನ ಕಷ್ಟ

ಕನ್ನಡದ ಪುಟಗಳಿಗೆ ಈ ಸಾಮಾನ್ಯ ವಿಪತ್ತಿನ ಜೊತೆಗೆ ತಮ್ಮದೇ ಆದ ಕಷ್ಟಗಳೂ ಇವೆ. ಡಾ. ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಎಂಬ ಜಾಲತಾಣವನ್ನು ಆರಂಭಿಸಿದ ಕಾಲದಲ್ಲಿ, ಜಾಲದಲ್ಲಿ ಕನ್ನಡವನ್ನು ಓದಬೇಕಾದರೆ ಆಯಾ ತಾಣದ ಫಾಂಟ್ ಬೇಕಾಗುತ್ತಿತ್ತು. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಮನೆಮನೆಯ ಗಣಕಗಳಲ್ಲಿ ಅದು ಬಳಕೆಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಅಷ್ಟರವರೆಗಿನ ಪುಟಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಲಾಗುತ್ತಿತ್ತು. ಅಂತಹ ಪುಟವೊಂದನ್ನು ಉಳಿಸಿಕೊಂಡು ಅದರ ಫಾಂಟನ್ನು ಉಳಿಸಿಕೊಳ್ಳದವರಿಗೆ ಇಂದು ಕಾಣುವುದು ರೋಮನ್ ಅಕ್ಷರಗಳ ಅರ್ಥಹೀನ ರಾಶಿ. ಅಕ್ಷರ ನಾಶವಾಗಿಲ್ಲ, ಅದನ್ನು ಓದುವ ಉಪಾಯ ನಾಶವಾಗಿದೆ.

ಇಂದಿನ ಪುಟಗಳಲ್ಲಿ ತೊಡಕು ಬೇರೊಂದು ಕಡೆ ಇದೆ. ಕನ್ನಡ ಶೀರ್ಷಿಕೆಯೇ ಪುಟದ ವಿಳಾಸವೂ ಆಗಿದ್ದಾಗ, ಜಾಲವು ಒಳಗೊಳಗೆ ಅದನ್ನು ಶೇಕಡಾ ಚಿಹ್ನೆಗಳಿಂದ ಕೂಡಿದ ರೋಮನ್ ಸಂಕೇತಗಳಾಗಿ ಪರಿವರ್ತಿಸುತ್ತದೆ; ಅಕ್ಷರವೊಂದಕ್ಕೆ, ಗುಣಿತದ ಚಿಹ್ನೆಯೊಂದಕ್ಕೆ ತಲಾ ಒಂಬತ್ತು ಸಂಕೇತಗಳು. ಕನ್ನಡ ಎಂಬ ಪದವೊಂದೇ, ಅದರೊಳಗಿನ ಹಲಂತಚಿಹ್ನೆಯೂ ಸೇರಿ ಐದು ಘಟಕಗಳಾಗಿ, ನಲವತ್ತೈದು ಸಂಕೇತಗಳಷ್ಟು ಉದ್ದಕ್ಕೆ ಬೆಳೆಯುತ್ತದೆ. ಮೂವತ್ತು ಘಟಕಗಳ ಒಂದು ಸಾಧಾರಣ ಶೀರ್ಷಿಕೆ 270ನ್ನು ಮುಟ್ಟುತ್ತದೆ. ವಿಂಡೋಸ್ ವ್ಯವಸ್ಥೆಯಾದರೋ ಕಡತದ ಹೆಸರು ಮತ್ತು ಹಾದಿ ಎರಡೂ ಸೇರಿ 260 ಸಂಕೇತಗಳನ್ನು ಮೀರಕೂಡದೆಂದು ಬಹುಕಾಲ ವಿಧಿಸಿಕೊಂಡು ಬಂದಿದೆ. ಇದೇ ರೂಪದಲ್ಲಿ ಕಡತಗಳಿಗೆ ಹೆಸರಿಡುವ ಸಾಧನಗಳು ಕನ್ನಡದ ತಾಣವನ್ನು ಇಳಿಸಿಕೊಳ್ಳುವಾಗ ನಡುವೆಯೇ ಮುಗ್ಗರಿಸುವುದಕ್ಕೆ ಇದು ಕಾರಣ. ಸಂಗ್ರಹದ ಫೋಲ್ಡರಿಗೆ ಚಿಕ್ಕ ಹೆಸರಿಟ್ಟು, ಅದನ್ನು ಡಿಸ್ಕಿನ ಮೊದಲ ಮಟ್ಟದಲ್ಲಿಯೇ ಇರಿಸಿ, ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಉಳಿಸುವ ಆಯ್ಕೆ ಸಾಧನದಲ್ಲಿದ್ದರೆ ಅದನ್ನು ಆರಿಸಿಕೊಂಡರೆ, ಬಹುಮಟ್ಟಿಗೆ ಈ ತೊಂದರೆ ತಪ್ಪುತ್ತದೆ.

ಸೇವ್ ಒತ್ತಿದಾಗ ನಡೆಯುವುದೇನು

ನಮ್ಮ ಕಣ್ಣಿಗೆ ಒಂದಾಗಿ ಕಾಣುವ ಜಾಲಪುಟ ವಸ್ತುತಃ ಒಂದಲ್ಲ. ಬರೆಹ ಒಂದು ಕಡತ, ಪ್ರತಿಯೊಂದು ಚಿತ್ರವೂ ಒಂದೊಂದು ಕಡತ, ಬಣ್ಣ ಮತ್ತು ಅಳತೆಗಳನ್ನು ವಿಧಿಸುವ ಕಡತ ಮತ್ತೊಂದು, ಚಲನೆಗಳನ್ನು ನಡೆಸುವ ಪ್ರೋಗ್ರಾಂ ಇನ್ನೊಂದು. ಬ್ರೌಸರ್ ಇವನ್ನೆಲ್ಲ ಬೇರೆ ಬೇರೆಯಾಗಿ ತರಿಸಿಕೊಂಡು ಆ ಕ್ಷಣದಲ್ಲಿ ಜೋಡಿಸಿ ತೋರಿಸುತ್ತದೆ. ಆದುದರಿಂದ ಪೂರ್ಣ ಪುಟವನ್ನು ಉಳಿಸೆಂದು ಬ್ರೌಸರಿಗೆ ಹೇಳಿದಾಗ ಒಂದು ಕಡತವೂ, ಅದೇ ಹೆಸರಿನ ಒಂದು ಫೋಲ್ಡರೂ ಹುಟ್ಟುತ್ತವೆ. ಕಡತವೊಂದನ್ನೇ ಪೆನ್‌ಡ್ರೈವಿಗೆ ಹಾಕಿ ಸ್ನೇಹಿತರಿಗೆ ಕೊಟ್ಟರೆ ಚಿತ್ರಗಳು ಹಿಂದೆಯೇ ಉಳಿದಿರುತ್ತವೆ.

ಈ ಕೊರತೆಯನ್ನು ನೀಗಿಸುವುದಕ್ಕಾಗಿ, ಎಲ್ಲವನ್ನೂ ಒಂದೇ ಕಡತದೊಳಗೆ ಅಡಕಮಾಡುವ ಎಂಎಚ್‌ಟಿಎಂಎಲ್ ಎಂಬ ವಿಧಾನ ತೊಂಬತ್ತರ ದಶಕದ ಕೊನೆಯಲ್ಲಿಯೇ ಬಂದಿತು. ಈಚೆಗೆ 'ಸಿಂಗಲ್‌ಫೈಲ್' ಎಂಬ ಉಚಿತ ಬ್ರೌಸರ್ ವಿಸ್ತರಣೆ ಅದೇ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ಒಂದೇ ಪುಟ ಸಾಕೆನ್ನುವವರಿಗೆ ಇದಕ್ಕಿಂತ ಸುಲಭವಾದ ದಾರಿ ಬೇರಿಲ್ಲ. ಆದರೆ ಆ ಪುಟದೊಳಗಿನ ಕೊಂಡಿಗಳು ಮೊದಲಿನಂತೆ ಜಾಲದತ್ತಲೇ ಬೆರಳು ತೋರಿಸುತ್ತಿರುತ್ತವೆ. ಜಾಲದಲ್ಲಿ ಗುರಿ ಅಳಿದ ದಿನ ನಿಮ್ಮ ಪ್ರತಿಯ ಕೊಂಡಿಯೂ ಅಳಿಯಿತು.

ಕೊಂಡಿಯ ದಿಕ್ಕನ್ನು ತಿರುಗಿಸುವ ವಿದ್ಯೆ

ಹನ್ನೆರಡು ಕಂತುಗಳ ಪ್ರವಾಸಕಥನವೊಂದು ತಾಣವೊಂದರಲ್ಲಿ ಪ್ರಕಟವಾಗಿದೆಯೆಂದು ಇಟ್ಟುಕೊಳ್ಳೋಣ. ಮೊದಲಿಗೆ ಪರಿವಿಡಿಯ ಪುಟ. ಪ್ರತಿಯೊಂದು ಕಂತಿನ ಕೆಳಗೂ ಮುಂದಿನ ಕಂತಿಗೆ, ಹಿಂದಿನ ಕಂತಿಗೆ ಕೊಂಡಿಗಳು. ನಡುನಡುವೆ ಹೊರಗಿನ ನಕ್ಷೆಗಳಿಗೂ ಗ್ರಂಥಗಳಿಗೂ ಕೊಂಡಿಗಳು. ಈ ಹದಿಮೂರು ಪುಟಗಳನ್ನು ಒಂದೊಂದಾಗಿ ಉಳಿಸಿಕೊಂಡರೆ ನಮ್ಮಲ್ಲಿರುವುದು ಹದಿಮೂರು ಬಿಡಿ ಪುಟಗಳೇ ಹೊರತು ಪ್ರವಾಸಕಥನವಲ್ಲ.

ಕೊಂಡಿಯ ವಿಳಾಸದಲ್ಲಿ ಎರಡು ವಿಧ. ಒಂದು, ತಾಣದ ಹೆಸರಿನಿಂದ ತೊಡಗಿ ಎಲ್ಲವನ್ನೂ ಹೇಳುವ ಪೂರ್ಣ ವಿಳಾಸ. ಇನ್ನೊಂದು, ಇದೇ ಫೋಲ್ಡರಿನಲ್ಲಿರುವ ಆ ಕಡತ ಎಂದಷ್ಟೇ ಹೇಳುವ ಸಾಪೇಕ್ಷ ವಿಳಾಸ. ಅಂಚೆಯವನಿಗೆ ಊರು, ಬೀದಿ, ಮನೆ ಸಂಖ್ಯೆಗಳನ್ನೆಲ್ಲ ಬರೆದುಕೊಡುವುದಕ್ಕೂ, ಬಂದ ನೆಂಟರಿಗೆ ನಮ್ಮ ಪಕ್ಕದ ಮನೆ ಎನ್ನುವುದಕ್ಕೂ ಇರುವ ಅಂತರ ಇದು. ಬೀದಿಯನ್ನೇ ಎತ್ತಿ ಬೇರೆ ಊರಿನಲ್ಲಿ ಇರಿಸಿದರೂ ಪಕ್ಕದ ಮನೆ ಪಕ್ಕದಲ್ಲಿಯೇ ಇರುತ್ತದೆ. ಪೂರ್ಣ ವಿಳಾಸವನ್ನು ಸಾಪೇಕ್ಷವಾಗಿ ಮಾರ್ಪಡಿಸುವುದೇ ಜೀವಂತ ಪ್ರತಿಯ ರಹಸ್ಯ.

ಹ್ರ್ವೊಯೆ ನಿಕ್ಷಿಚ್ ಎಂಬ ಕ್ರೊಯೇಷಿಯದ ತಂತ್ರಜ್ಞರು ರಚಿಸಿ 1996ರಲ್ಲಿ ಹೊರಬಂದ 'ಡಬ್ಲ್ಯುಗೆಟ್' ಎಂಬ ಉಚಿತ ಸಾಧನ ಈ ಕೆಲಸವನ್ನು ಮಾಡುವ ಕ್ರಮ ನೋಡತಕ್ಕದ್ದು. ಅದು ಪರಿವಿಡಿಯ ಪುಟವನ್ನು ಇಳಿಸಿಕೊಂಡು, ಅದರೊಳಗಿನ ಕೊಂಡಿಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದನ್ನೂ ಹಿಂಬಾಲಿಸಿ ಹೋಗುತ್ತದೆ. ಹೊಸ ಪುಟದಲ್ಲಿ ಹೊಸ ಕೊಂಡಿಗಳು ಕಂಡರೆ ಪಟ್ಟಿಗೆ ಸೇರಿಸುತ್ತದೆ. ಒಮ್ಮೆ ತಂದದ್ದನ್ನು ಮತ್ತೆ ತರುವುದಿಲ್ಲ. ನಾವು ಬೇರೆಯಾಗಿ ಹೇಳದ ಹೊರತು ತಾಣದ ಎಲ್ಲೆಯನ್ನು ದಾಟುವುದಿಲ್ಲ. ಎಲ್ಲವೂ ಇಳಿದು ಮುಗಿದ ಮೇಲೆ, ಕೊಂಡಿಗಳನ್ನು ಮಾರ್ಪಡಿಸೆಂದು ಮೊದಲೇ ಆಜ್ಞೆ ಕೊಟ್ಟಿದ್ದರೆ, ಕಡತಗಳನ್ನು ಮತ್ತೊಮ್ಮೆ ತೆರೆದು, ಇಳಿಸಿಕೊಂಡ ಪುಟಗಳತ್ತ ಇರುವ ಕೊಂಡಿಗಳನ್ನು ಸಾಪೇಕ್ಷವಾಗಿ ತಿದ್ದುತ್ತದೆ, ಇಳಿಸಿಕೊಳ್ಳದಿರುವ ಪುಟಗಳತ್ತ ಇರುವ ಕೊಂಡಿಗಳಿಗೆ ಜಾಲದ ಪೂರ್ಣ ವಿಳಾಸವನ್ನು ಬರೆಯುತ್ತದೆ. ತಿದ್ದುಪಡಿ ಕೊನೆಯಲ್ಲಿ ಏಕೆಂದರೆ, ಯಾವುದು ನಮ್ಮಲ್ಲಿದೆ, ಯಾವುದು ಇಲ್ಲ ಎಂಬುದು ಆಗಲೇ ನಿಶ್ಚಯವಾಗುವುದು. ಈ ವಿವೇಕ ನನಗೆ ಬಹಳ ಮೆಚ್ಚಿಗೆಯಾದುದು.

ಆಜ್ಞೆಗಳನ್ನು ಬೆರಳಚ್ಚಿಸುವ ಅಭ್ಯಾಸವಿಲ್ಲದವರಿಗೆ, ಫ್ರಾನ್ಸಿನ ಝೇವಿಯರ್ ರೋಶ್ ಅವರು 1998ರಲ್ಲಿ ಪ್ರಾರಂಭಿಸಿದ 'ಎಚ್‌ಟಿಟ್ರ್ಯಾಕ್' ಇದೆ. ವಿಳಾಸವನ್ನು ಕೊಟ್ಟು, ಎಷ್ಟು ಮಟ್ಟದವರೆಗೆ ಕೊಂಡಿಗಳನ್ನು ಹಿಂಬಾಲಿಸಬೇಕೆಂಬುದನ್ನು ಸೂಚಿಸಿದರೆ, ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ. ತಾಣ ಬೆಳೆದಂತೆ ಹೊಸದನ್ನು ಮಾತ್ರ ಸೇರಿಸಿಕೊಳ್ಳುವುದೂ ಅದಕ್ಕೆ ತಿಳಿದಿದೆ. ಆಳದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಮಿತಿ ಹಾಕದೆ ಬಿಟ್ಟರೆ ಡಿಸ್ಕಿನ ಸ್ಥಳವೆಲ್ಲ ತುಂಬಿಹೋದೀತು.

ಪುಟವೇ ಪ್ರೋಗ್ರಾಂ ಆದಾಗ

ಈ ವಿದ್ಯೆ ಎಲ್ಲ ಕಡೆಯೂ ಫಲಿಸುವುದಿಲ್ಲ. ಕೆಳಕ್ಕೆ ಸರಿಸಿದಂತೆಲ್ಲ ಹೊಸ ಬರೆಹಗಳು ಬಂದು ಸೇರುವ, ಗುಂಡಿ ಒತ್ತಿದಾಗಲೇ ಚಿತ್ರ ಮೂಡುವ ಇಂದಿನ ಅನೇಕ ತಾಣಗಳಲ್ಲಿ ಪುಟವೆಂಬುದು ಸಿದ್ಧವಾಗಿ ಎಲ್ಲಿಯೂ ಇರುವುದಿಲ್ಲ. ಓದುಗನ ಬ್ರೌಸರಿನಲ್ಲಿ ಪ್ರೋಗ್ರಾಂ ನಡೆದು ಅದು ಹುಟ್ಟುತ್ತದೆ. ಡಬ್ಲ್ಯುಗೆಟ್ ಅಂತಹ ಪ್ರೋಗ್ರಾಂಗಳನ್ನು ನಡೆಸದಾದ್ದರಿಂದ ಅದಕ್ಕೆ ಸಿಗುವುದು ಬರಿಯ ಚೌಕಟ್ಟು.

ಇದಕ್ಕಾಗಿ ಗ್ರಂಥಾಲಯಗಳು ಅನುಸರಿಸುವ ಮಾರ್ಗ ಬೇರೆ. ಬ್ರೌಸರಿಗೂ ತಾಣಕ್ಕೂ ನಡೆದ ಸಂಭಾಷಣೆಯನ್ನೇ, ಯಾವುದನ್ನೂ ತಿದ್ದದೆ, ಕೇಳಿದುದನ್ನೂ ದೊರೆತುದನ್ನೂ ವೇಳೆಯೊಡನೆ ದಾಖಲಿಸಿಡುವ 'ವಾರ್ಕ್' ಎಂಬ ಕಡತವಿಧಾನಕ್ಕೆ 2009ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ಇಲ್ಲಿ ಕೊಂಡಿಗಳು ಮೂಲದಲ್ಲಿದ್ದಂತೆಯೇ ಇರುತ್ತವೆ. ಅವನ್ನು ಒತ್ತಿದಾಗ ಓದಿಸುವ ತಂತ್ರಾಂಶ ನಡುವೆ ನಿಂತು, ಜಾಲಕ್ಕೆ ಹೋಗಬೇಕಾದ ಕೋರಿಕೆಗೆ ಸಂಗ್ರಹದಿಂದಲೇ ಉತ್ತರ ಕೊಡುತ್ತದೆ. 'ವೆಬ್‌ರೆಕಾರ್ಡರ್' ಯೋಜನೆಯ ಉಚಿತ ಸಾಧನಗಳಿಂದ ಸಾಮಾನ್ಯ ಓದುಗರೂ ಇದನ್ನು ಮಾಡಬಹುದು. ಸಂಶೋಧಕರಿಗೂ ಪತ್ರಕರ್ತರಿಗೂ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಮೂಲವನ್ನು ತಿದ್ದಿಲ್ಲವೆಂಬ ಭರವಸೆ ಇದರಲ್ಲಿ ಹೆಚ್ಚು. ಓದುವ ಸುಖಕ್ಕಾಗಿ ಇಟ್ಟುಕೊಳ್ಳುವವರಿಗೆ ತಿದ್ದಿದ ಕೊಂಡಿಗಳ ಸಾದಾ ಫೋಲ್ಡರೇ ಮೇಲು; ಅದನ್ನು ತೆರೆಯುವುದಕ್ಕೆ ಯಾವ ಬ್ರೌಸರಾದರೂ ಸಾಕು.

ಮಹಾಭಂಡಾರವಿರುವಾಗ ನಮ್ಮದೇಕೆ

ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್, 2001ರಿಂದ 'ವೇಬ್ಯಾಕ್ ಮೆಷಿನ್' ಮೂಲಕ ಹಳೆಯ ಪುಟಗಳನ್ನು ಲೋಕಕ್ಕೆಲ್ಲ ಧರ್ಮಾರ್ಥವಾಗಿ ತೋರಿಸುತ್ತಿದೆ. ಅದಕ್ಕೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಆದರೂ ಅದೊಂದನ್ನೇ ನಂಬಿ ಕೂರುವುದು ಸರಿಯಲ್ಲ. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಆ ಭಂಡಾರ ಕೆಲವು ದಿನಗಳ ಕಾಲ ಬಾಗಿಲು ಮುಚ್ಚಬೇಕಾಯಿತು. ಗೂಗಲ್ ತನ್ನ ಶೋಧದ ಫಲಿತಾಂಶಗಳೊಡನೆ ಕೊಡುತ್ತಿದ್ದ ಹಳೆಯ ಪ್ರತಿಯ ಕೊಂಡಿಯನ್ನು ಅದೇ ವರ್ಷ ತೆಗೆದುಹಾಕಿತು. ಅಲ್ಲದೆ, ಎಲ್ಲಿಂದಲೂ ಕೊಂಡಿ ಪಡೆಯದ ಸಣ್ಣ ಕನ್ನಡ ತಾಣವೊಂದು ವೇಬ್ಯಾಕ್ ಮೆಷಿನ್ನಿನ ಕಣ್ಣಿಗೆ ಬೀಳದೆ ಹೋಗಬಹುದು, ಬಿದ್ದರೂ ಚಿತ್ರಗಳಿಲ್ಲದೆ ಅರೆಬರೆಯಾಗಿ ಉಳಿದಿರಬಹುದು.

ಸ್ವಂತ ಪ್ರತಿಗೆ ಜಾಲವೇ ಬೇಡವೆಂಬ ಗುಣವೂ ಉಂಟು. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ, ಒಳಕೊಂಡಿಗಳೆಲ್ಲ ಕೆಲಸ ಮಾಡುವಂತೆ, ಇಳಿಸಿಟ್ಟುಕೊಳ್ಳಬಹುದು. ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವ ಮಲೆನಾಡಿನ ಶಾಲೆಗಳಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ.

ಹಕ್ಕು ಮತ್ತು ಮರ್ಯಾದೆ

ಹೀಗೆ ಪ್ರತಿ ಮಾಡಿಕೊಳ್ಳುವುದು ಕಾನೂನಿಗೆ ಸಮ್ಮತವೇ ಎಂಬ ಪ್ರಶ್ನೆ ಸಹಜ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು, ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ಸ್ವಂತ ಉಪಯೋಗಕ್ಕಾಗಿ ನ್ಯಾಯವಾದ ರೀತಿಯಲ್ಲಿ ಕೃತಿಯನ್ನು ಬಳಸುವುದನ್ನು ಉಲ್ಲಂಘನೆಯೆಂದು ಗಣಿಸುವುದಿಲ್ಲ. ಆದರೆ ಹಾಗೆ ಇಳಿಸಿಕೊಂಡುದನ್ನು ತನ್ನ ತಾಣದಲ್ಲಿ ಮರುಪ್ರಕಟಿಸುವುದು, ಮಾರುವುದು ಬೇರೆಯ ಮಾತು. ಅದಕ್ಕೆ ಬರೆದವರ ಒಪ್ಪಿಗೆ ಬೇಕೇ ಬೇಕು.

ಕಾನೂನಿನಾಚೆಗಿನ ಸೌಜನ್ಯವೂ ಒಂದುಂಟು. ಸಾಧನ ಒಂದೇ ಉಸಿರಿನಲ್ಲಿ ಸಾವಿರಾರು ಪುಟಗಳನ್ನು ಕೇಳಿದರೆ, ಸ್ವಂತ ಖರ್ಚಿನಿಂದ ನಡೆಯುವ ಚಿಕ್ಕ ತಾಣ ಉಸಿರುಗಟ್ಟಿ ನಿಂತೀತು. ಎರಡು ಕೋರಿಕೆಗಳ ನಡುವೆ ಕೆಲವು ಸೆಕೆಂಡುಗಳ ಬಿಡುವಿರುವಂತೆ ಅನೇಕ ಸಾಧನಗಳಲ್ಲಿ ವಿಧಿಸಬಹುದು. ಯಂತ್ರಗಳು ಯಾವ ಭಾಗಗಳಿಗೆ ಬರಕೂಡದೆಂದು ತಾಣದವರು 'ರೋಬೋಟ್ಸ್' ಕಡತದಲ್ಲಿ ಸೂಚಿಸಿದ್ದರೆ ಅದನ್ನು ಗೌರವಿಸಬೇಕು. ಇಳಿಸಿಕೊಂಡ ದಿನಾಂಕವನ್ನೂ ಮೂಲ ವಿಳಾಸವನ್ನೂ ಫೋಲ್ಡರಿನೊಳಗೆ ಒಂದು ಚಿಕ್ಕ ಕಡತದಲ್ಲಿ ಬರೆದಿಡುವುದನ್ನು ಮರೆಯಬಾರದು. ಜಾಲದ ಸಂಪರ್ಕವನ್ನು ಒಮ್ಮೆ ಕಡಿದು, ಪರಿವಿಡಿಯಿಂದ ಕೊನೆಯ ಕಂತಿನವರೆಗೆ ಕೊಂಡಿಗಳನ್ನು ಒತ್ತಿ ನೋಡದೆ ಪ್ರತಿ ಸಿದ್ಧವಾಯಿತೆಂದು ನಂಬಬಾರದು. ಒಂದು ಪ್ರತಿ ಗಣಕದಲ್ಲಿದ್ದರೆ ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಲಿ.

ಕನ್ನಡದಲ್ಲಿ ಜಾಲಕ್ಕಾಗಿಯೇ ಬರೆದು, ಪುಸ್ತಕವಾಗಿ ಎಂದೂ ಅಚ್ಚಾಗದ ಬರೆಹಗಳ ರಾಶಿ ಅಪಾರವಾಗಿದೆ. ಅವುಗಳಲ್ಲಿ ಬಹಳಷ್ಟು ಒಬ್ಬಿಬ್ಬರ ಪ್ರೀತಿಯ ಆಶ್ರಯದಲ್ಲಿ ಮಾತ್ರ ಬದುಕಿವೆ. ನಿಮ್ಮ ಊರಿನ ಚರಿತ್ರೆಯನ್ನೋ, ನಿಮ್ಮ ಕಸುಬಿನ ತಿಳಿವಳಿಕೆಯನ್ನೋ, ನಿಮಗೆ ಪ್ರಿಯರಾದ ಲೇಖಕರ ಅಂಕಣವನ್ನೋ ಹೊತ್ತ ತಾಣವೊಂದನ್ನು ಆರಿಸಿಕೊಂಡು, ಈ ವಾರವೇ ಅದರ ಪ್ರತಿಯನ್ನು ಕೊಂಡಿಗಳ ಸಮೇತ ಇಳಿಸಿಟ್ಟುಕೊಳ್ಳಿರಿ. ಅದೇ ವಿಳಾಸವನ್ನು ವೇಬ್ಯಾಕ್ ಮೆಷಿನ್‌ಗೂ ಒಪ್ಪಿಸಿರಿ. ಸಾಧ್ಯವಾದರೆ ತಾಣವನ್ನು ನಡೆಸುತ್ತಿರುವವರಿಗೆ ಒಂದು ಪತ್ರ ಬರೆದು, ನಿಮ್ಮಲ್ಲೊಂದು ಪೂರ್ಣ ಪ್ರತಿ ಇದೆಯೆಂಬುದನ್ನು ತಿಳಿಸಿರಿ.